ಗಾಡಿಯ ದೀಪವೂ ಮನೆಯ ದೀಪವೇ



ಮುಸ್ಸಂಜೆ ಆಯಿತೆಂದರೆ ದೇವರ ಮುಂದೆ ದೀಪ ಹಚ್ಚದ ಮನೆ ನಮ್ಮ ಕಡೆ ಇರಲಿಕ್ಕಿಲ್ಲ. ಬತ್ತಿ ಸರಿಯಾಗಿದೆಯೇ, ಎಣ್ಣೆ ಇದೆಯೇ ಎಂದು ದಿನಾ ನೋಡುತ್ತೇವೆ. ಆದರೆ ಅದೇ ಹೊತ್ತಿಗೆ ರಸ್ತೆಯ ಮೇಲಿರುವ ನಮ್ಮ ಮನೆಯ ಗಾಡಿಯ ಹಿಂದಿನ ದೀಪ ಹತ್ತುತ್ತಿದೆಯೇ ಇಲ್ಲವೇ ಎಂದು ನಮ್ಮಲ್ಲಿ ಎಷ್ಟು ಜನ ನೋಡಿದ್ದೇವೆ ಹೇಳಿ? ನಾನಂತೂ ನೋಡುತ್ತಿರಲಿಲ್ಲ. ಮೊಣಕೈ ತರಚಿಸಿಕೊಂಡ ಮೇಲೆ ನೋಡಲು ಕಲಿತೆ. ನಾನು ಪೆಟ್ಟು ತಿಂದು ಕಲಿತದ್ದನ್ನು ನೀವು ಓದಿ ಕಲಿಯಲಿ ಎಂದು ಇಷ್ಟು ಬರೆಯುತ್ತಿದ್ದೇನೆ.

ಹೋದ ಕಬ್ಬಿನ ಹಂಗಾಮಿನ ಮಾತು. ತಿಕೋಟಾದಲ್ಲಿ ಸಂತೆ ಮುಗಿಸಿಕೊಂಡು ನನ್ನ ಹಳೇ ಸ್ಕೂಟರಿನ ಮೇಲೆ ಘೋಣಸಗಿಗೆ ಬರುತ್ತಿದ್ದೆ. ಹೊತ್ತು ಮುಳುಗಿತ್ತು, ಪೂರಾ ಕತ್ತಲಾಗಿರಲಿಲ್ಲ. ಎರಡೂ ಕಡೆ ದ್ರಾಕ್ಷಿ ಪಡ. ನಮ್ಮ ತೋಟದ ದಾರಿಗೆ ಬಲಕ್ಕೆ ತಿರುಗಬೇಕು. ತಿರುಗುವ ಮೊದಲು ಇಂಡಿಕೇಟರ್ ಹಾಕಿದೆ, ಕನ್ನಡಿಯಲ್ಲೂ ನೋಡಿದೆ, ಹಿಂದೆ ಒಂದು ಸರಕಿನ ಗಾಡಿ ದೂರ ಇತ್ತು. ‘ನಾನು ದೀಪ ಹಾಕಿದ್ದೇನಲ್ಲ, ಅವನು ನಿಧಾನ ಮಾಡುತ್ತಾನೆ’ ಎಂದುಕೊಂಡು ಹೊರಳಿದೆ. ಅವನು ನಿಧಾನ ಮಾಡಲಿಲ್ಲ. ಬ್ರೇಕಿನ ಕಿರ್ರ್ ಎಂಬ ಸದ್ದು ಕಿವಿಯ ಹತ್ತಿರವೇ ಕೇಳಿತು. ಗಾಡಿ ನನಗೆ ತಾಗಲಿಲ್ಲ, ಆದರೆ ಗಾಬರಿಗೆ ನಾನೇ ಬಿದ್ದೆ. ಬದನೆಕಾಯಿ, ಉಳ್ಳಾಗಡ್ಡಿ ಎಲ್ಲ ರಸ್ತೆಯ ತುಂಬ. ಡ್ರೈವರ್ ಇಳಿದು ಬಂದು ಬೈಯಲಿಲ್ಲ. ಪಾಪ, ಅವನ ಕೈಯೇ ನಡುಗುತ್ತಿತ್ತು.

“ಅಕ್ಕಾರ, ಇಂಡಿಕೇಟರ್ ಹಾಕದ ಹಿಂಗ ಹೊರಳಿದ್ರ ಹೆಂಗ್ರೀ?” ಎಂದ.

“ಹಾಕೀನಲ್ಲಪ್ಪಾ” ಎಂದೆ. ಇಬ್ಬರೂ ಕೂಡಿ ನೋಡಿದೆವು. ಮುಂದಿನ ಬಲ್ಬು ಮಿಣುಕುತ್ತಿತ್ತು, ಹಿಂದಿನದು ಸುಟ್ಟು ಕಪ್ಪಾಗಿತ್ತು. ಎಷ್ಟು ದಿನದಿಂದ ಸುಟ್ಟಿತ್ತೋ ದೇವರೇ ಬಲ್ಲ. ಹಿಂದೆ ಕುಳಿತವರು ಸಹ ನೋಡದ ಜಾಗ ಅದು.

ಮನೆಗೆ ಬಂದು ಮೊಣಕೈಗೆ ಅರಿಸಿನ ಹಚ್ಚಿಕೊಳ್ಳುತ್ತ ಕುಳಿತಾಗ ಅತ್ತೆಯವರು ಒಂದು ಮಾತು ಅಂದರು: “ದಿನಾ ದೇವರ ಮುಂದ ದೀಪಾ ಹಚ್ಚತಿ. ನಿನ್ನ ಬೆನ್ನ ಹಿಂದಿಂದು ಯಾರು ಹಚ್ಚಬೇಕವ್ವಾ?” ಆ ಮಾತು ಮನಸ್ಸಿಗೆ ನಾಟಿತು.

ಹಳೇ ಬಲ್ಬು ಯಾಕೆ ಸುಡುತ್ತದೆ?

ಕಾಲೇಜಿಗೆ ಹೋಗುವ ಮಗ, “ಅವ್ವಾ, ಎಲ್ಲಾ ಎಲ್‌ಇಡಿ ಹಾಕಿಬಿಡೂಣು, ಮತ್ತ ಸುಡೂದೇ ಇಲ್ಲ” ಎಂದ. ಎಲ್‌ಇಡಿ ಎಂಬ ಹೆಸರು ನಮಗೇನು ಹೊಸದಲ್ಲ. 2015ರಲ್ಲಿ ಸರಕಾರದ ಉಜಾಲಾ ಯೋಜನೆ ಬಂದಾಗ ನಮ್ಮ ರಾಜ್ಯದಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ 9 ವ್ಯಾಟಿನ ಬಲ್ಬುಗಳನ್ನು ಕಡಿಮೆ ದರಕ್ಕೆ ಕೊಟ್ಟಿದ್ದು ನಿಮಗೆ ನೆನಪಿರಬಹುದು. ಅಡಿಗೆಮನೆಗೆ ಬಂದ ಆ ದೀಪವೇ ಈಗ ಗಾಡಿಗೂ ಬಂದಿದೆ, ಅಷ್ಟೆ.

ಹಳೇ ಬಲ್ಬಿನ ಒಳಗೆ ಕೂದಲಿನಂಥ ಒಂದು ತಂತಿ ಇರುತ್ತದೆ. ಕರೆಂಟು ಹರಿದಾಗ ಅದು ಕಾದು, ಕೆಂಡದಂತಾಗಿ ಬೆಳಕು ಕೊಡುತ್ತದೆ. ಕೊಟ್ಟ ಕರೆಂಟಿನಲ್ಲಿ ಬಹುಪಾಲು ಶಾಖವಾಗಿಯೇ ಹೋಗುತ್ತದೆ; ಬೆಳಕಾಗುವುದು ಸ್ವಲ್ಪ. ನಮ್ಮ ಹಳ್ಳಿಯ ರಸ್ತೆ ನಿಮಗೆ ಗೊತ್ತೇ ಇದೆ. ಕುಲುಕಾಡಿ ಕುಲುಕಾಡಿ ಆ ಕಾದ ತಂತಿ ಒಂದು ದಿನ ಪಟ್ಟನೆ ಕಡಿಯುತ್ತದೆ. ಎಲ್‌ಇಡಿಯಲ್ಲಿ ತಂತಿಯೇ ಇಲ್ಲ. ಸಾಸಿವೆ ಕಾಳಿನಷ್ಟು ಚಿಕ್ಕ ಹರಳು, ಕರೆಂಟು ಹರಿದರೆ ಹರಳೇ ಬೆಳಗುತ್ತದೆ. ಆದ್ದರಿಂದ ಕುಲುಕಾಟಕ್ಕೆ ಅದು ಅಷ್ಟು ಸುಲಭವಾಗಿ ಜಗ್ಗುವುದಿಲ್ಲ.

ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು ಅಮೆರಿಕದ ನಿಕ್ ಹೊಲೊನ್ಯಾಕ್ ಎಂಬವರು 1962ರಲ್ಲಿಯೇ ಮಾಡಿ ತೋರಿಸಿದ್ದರು. ಆದರೆ ನೀಲಿ ಬಣ್ಣದ್ದು ಮಾತ್ರ ಬಹಳ ವರ್ಷ ಯಾರಿಗೂ ಸರಿಯಾಗಿ ಒಲಿಯಲಿಲ್ಲ. ನೀಲಿ ಇಲ್ಲದೆ ಬಿಳಿ ಬೆಳಕು ಆಗುವುದಿಲ್ಲ. ಕೊನೆಗೆ ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಾಮುರಾ ಎಂಬ ಜಪಾನಿನಲ್ಲಿ ಹುಟ್ಟಿದ ಮೂವರಿಗೆ 2014ರಲ್ಲಿ ನೊಬೆಲ್ ಬಹುಮಾನ ಬಂತು. ಇಂದು ನಮ್ಮ ಮನೆಯಲ್ಲಿ ಉರಿಯುವ ಬಿಳಿ ಬಲ್ಬಿನ ಹಿಂದೆ ಇಷ್ಟು ಕತೆ ಇದೆ.

ಗಾಡಿಗೆ ಇದರಿಂದ ಇನ್ನೊಂದು ಲಾಭವಿದೆ. ಹಳೇ ಬಲ್ಬಿನ ತಂತಿ ಕಾದು ಪೂರ್ತಿ ಬೆಳಗಲು ಒಂದು ಸೆಕೆಂಡಿನ ಐದನೇ ಒಂದು ಪಾಲಿನಷ್ಟು ಹೊತ್ತು ಬೇಕು. ಎಲ್‌ಇಡಿ ಆ ಕ್ಷಣವೇ ಹತ್ತುತ್ತದೆ. ‘ಅಷ್ಟರಲ್ಲಿ ಏನಾಗುತ್ತದೆ?’ ಎನ್ನಬೇಡಿ. ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಐದನೇ ಒಂದು ಪಾಲು ಎಂದರೆ ಮೂರು ಮೀಟರಿಗಿಂತ ಹೆಚ್ಚು. ನಾವು ಬ್ರೇಕು ಒತ್ತಿದ್ದು ಹಿಂದಿನವನಿಗೆ ಅಷ್ಟು ಮೊದಲೇ ತಿಳಿಯುತ್ತದೆ. ಅಂದು ನನಗೂ ಆ ಸರಕಿನ ಗಾಡಿಗೂ ನಡುವೆ ಅಷ್ಟೂ ಅಂತರ ಉಳಿದಿರಲಿಲ್ಲ.

ಹಾಕಿದೆವು, ಹುಚ್ಚು ಹಿಡಿದಂತೆ ಮಿಣುಕಿತು

ಮಗ ವಿಜಯಪುರಕ್ಕೆ ಹೋದವನು ಒಂದು ಅಂಗಡಿಯಿಂದ ನಾಲ್ಕು ಎಲ್‌ಇಡಿ ಬಲ್ಬು ತಂದ. ಹಳೆಯವನ್ನು ತೆಗೆದು ಇವನ್ನು ಹಾಕಿದ. ಬೆಳಕೇನೋ ಚೆನ್ನಾಗಿಯೇ ಇತ್ತು. ಆದರೆ ಇಂಡಿಕೇಟರ್ ಹಾಕಿದರೆ ಟಿಕ್-ಟಿಕ್ ಎನ್ನಬೇಕಾದದ್ದು ಟಿಕಟಿಕಟಿಕ ಎಂದು ಜ್ವರ ಬಂದವರ ನಾಡಿಯಂತೆ ಬಡಿಯತೊಡಗಿತು. ಅಂಗಡಿಯವರನ್ನು ಕೇಳಿದರೆ “ಎಲ್‌ಇಡಿ ಅಂದ್ರ ಹಿಂಗಽ ಇರ್ತಾವ, ಏನೂ ಆಗೂದಿಲ್ಲ” ಎಂದು ಸಾಗಹಾಕಿದರು.

ನನಗೆ ಸಮಾಧಾನವಾಗಲಿಲ್ಲ. ನಮ್ಮ ಟ್ರ್ಯಾಕ್ಟರಿನ ವೈರಿಂಗ್ ಮಾಡುವ ಹುಡುಗನೊಬ್ಬ ಇದ್ದಾನೆ. ಅವನನ್ನು ಕರೆಸಿ, ಚಹಾ ಕೊಟ್ಟು ಕೂರಿಸಿ ಕೇಳಿದೆ. ಅವನು ಹೇಳಿದ್ದು ಎಷ್ಟು ತಿಳಿಯಾಗಿತ್ತೆಂದರೆ, ಅವನ ಮಾತಿನಲ್ಲಿಯೇ ಬರೆಯುತ್ತೇನೆ.

“ಅಕ್ಕಾರ, ಇಂಡಿಕೇಟರ್ ಮಿಣಕಸಾಕ ಒಂದು ಸಣ್ಣ ಡಬ್ಬಿ ಇರ್ತದರಿ, ಫ್ಲ್ಯಾಶರ್ ಅಂತಾರ. ಹಳೇ ಫ್ಲ್ಯಾಶರಿಗೆ ಬಲ್ಬ್ ಎಷ್ಟು ಕರೆಂಟ್ ಎಳೀತಾವ ಅನ್ನೂದರ ಮ್ಯಾಲೆ ಲೆಕ್ಕ. ಎರಡೂ ಬಲ್ಬ್ ಕೂಡಿ 20 ವ್ಯಾಟ್ ಎಳೀಬೇಕು. ಎಲ್‌ಇಡಿ ಒಂದೆರಡು ವ್ಯಾಟ್ ಅಷ್ಟ ಎಳೀತಾವ. ಆಗ ಅದು ‘ಬಲ್ಬ್ ಸುಟ್ಟದ’ ಅಂತ ತಿಳಕೊಂಡು ಲಗೂಲಗೂ ಮಿಣಕತದರಿ. ಅದು ನಿಮಗ ಎಚ್ಚರಿಕಿ ಕೊಡಾಕತ್ತದ, ನೀವು ಹುಚ್ಚ ಹಿಡದದ ಅಂತೀರಿ.”

ನೋಡಿ, ಎಷ್ಟು ಸರಳ! ಕೆಲವು ಬಹಳ ಹಳೇ ಗಾಡಿಗಳಲ್ಲಿ ಫ್ಲ್ಯಾಶರಿನ ಒಳಗೆ ಶಾಖಕ್ಕೆ ಬಾಗುವ ಒಂದು ಲೋಹದ ಪಟ್ಟಿ ಇರುತ್ತದೆ. ಎಲ್‌ಇಡಿಯ ಸಣ್ಣ ಕರೆಂಟಿಗೆ ಆ ಪಟ್ಟಿ ಕಾಯುವುದೇ ಇಲ್ಲ. ಅಂಥಲ್ಲಿ ದೀಪ ಮಿಣುಕದೆ ಒಂದೇ ಸಮನೆ ಉರಿಯುತ್ತ ನಿಂತುಬಿಡುತ್ತದೆ. ಇದಂತೂ ಇನ್ನೂ ಕೆಟ್ಟದ್ದು. ಹಿಂದಿನವರಿಗೆ ಅದು ಇಂಡಿಕೇಟರೋ ಏನೋ ತಿಳಿಯುವುದಿಲ್ಲ.

ಬೇಗ ಮಿಣುಕಿದರೆ ಏನು ಕೇಡು ಎಂದು ಮಗ ವಾದ ಹೂಡಿದ. ಕೇಡು ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳು ಎಂದು 1989ರಲ್ಲಿ ಆದವು. ಅವುಗಳ ಪ್ರಕಾರ ಇಂಡಿಕೇಟರ್ ಒಂದು ನಿಮಿಷಕ್ಕೆ 60ಕ್ಕಿಂತ ಕಡಿಮೆ ಇಲ್ಲದಂತೆ, 120ಕ್ಕಿಂತ ಹೆಚ್ಚಾಗದಂತೆ ಮಿಣುಕಬೇಕು. ಅದಕ್ಕೂ ಮೀರಿ ಓಡಿದರೆ ಎದುರಿನವರ ಕಣ್ಣಿಗೆ ಅದು ಬರೀ ನಡುಗುವ ಬೆಳಕು. ಮನೆಯಲ್ಲಿ ಗಡಿಯಾರವಿದೆಯಲ್ಲ, ಇಂಡಿಕೇಟರ್ ಹಾಕಿ ಅರ್ಧ ನಿಮಿಷ ಎಣಿಸಿರಿ. 30ರಿಂದ 60ರ ಒಳಗೆ ಬಂದರೆ ಸರಿ. ನಾನು ನಮ್ಮದನ್ನು ಎಣಿಸಲು ಹೋದೆ, ಎಣಿಕೆಯೇ ತಪ್ಪಿತು. ಅಷ್ಟು ಜೋರು!

ಇದಕ್ಕೆ ಮದ್ದು ಎರಡು

ಒಂದನೆಯದು, ಹಳೇ ಫ್ಲ್ಯಾಶರ್ ತೆಗೆದು ಎಲ್‌ಇಡಿಗೆಂದೇ ಮಾಡಿದ ಫ್ಲ್ಯಾಶರ್ ಹಾಕುವುದು. ಇದು ಬಲ್ಬು ಎಷ್ಟು ಎಳೆಯುತ್ತದೆ ಎಂದು ನೋಡುವುದಿಲ್ಲ, ತನ್ನ ಪಾಡಿಗೆ ತಾನು ಹದವಾಗಿ ಮಿಣುಕಿಸುತ್ತದೆ. ನಾವು ಹಾಕಿದ್ದು ಇದನ್ನೇ.

ಎರಡನೆಯದು, ಬಲ್ಬಿನ ಜೊತೆ ‘ಲೋಡ್ ರೆಸಿಸ್ಟರ್’ ಎಂಬ ತುಂಡನ್ನು ಜೋಡಿಸುವುದು. ಅದು ಹಳೇ ಬಲ್ಬಿನಷ್ಟೇ ಕರೆಂಟು ನುಂಗಿ ಫ್ಲ್ಯಾಶರಿಗೆ ಮೋಸ ಮಾಡುತ್ತದೆ. ಆದರೆ ನುಂಗಿದ್ದೆಲ್ಲ ಶಾಖವಾಗಿ ಹೊರಗೆ ಬರುತ್ತದೆ. ಕಾದ ಹಂಚಿನಂತೆ ಸುಡುವ ಈ ತುಂಡು ಪ್ಲಾಸ್ಟಿಕ್ಕಿಗೋ ವೈರಿಗೋ ತಾಗಿದರೆ ಕರಗಿಸಿಬಿಡುತ್ತದೆ. ಹಾಕಲೇಬೇಕಾದರೆ ಬರೀ ಲೋಹದ ಮೇಲೆ ಬಿಗಿಯಬೇಕು. ಮೇಲಾಗಿ ಕರೆಂಟು ಉಳಿಸಲೆಂದು ಎಲ್‌ಇಡಿ ಹಾಕಿ, ಉಳಿದ ಕರೆಂಟನ್ನು ಹೀಗೆ ಸುಟ್ಟರೆ ಏನು ಬಂತು? ಆದ್ದರಿಂದ ನನ್ನ ಮತ ಮೊದಲನೆಯದಕ್ಕೇ.

ಈಗ ಅಡಿಗೆ ಹೇಳಿಕೊಡುವಂತೆಯೇ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ.

ಬೇಕಾಗುವ ಸಾಮಾನು

ಗಾಡಿಯ ಹಳೇ ಬಲ್ಬಿನ ಬುಡಕ್ಕೆ ಸರಿಹೊಂದುವ 12 ವೋಲ್ಟಿನ ಎಲ್‌ಇಡಿ ಬಲ್ಬು ನಾಲ್ಕು (ಅಂಗಡಿಗೆ ಹೋಗುವಾಗ ಹಳೇ ಬಲ್ಬನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡೇ ಹೋಗಿ, ಬಾಯಿಮಾತಿನಲ್ಲಿ ಹೇಳಬೇಡಿ), ಎಲ್‌ಇಡಿ ಫ್ಲ್ಯಾಶರ್ ಒಂದು, ಸ್ಕ್ರೂಡ್ರೈವರ್, ಪಕ್ಕಡ, ಸಣ್ಣ ತುಂಡು ಪಾಲಿಶ್ ಪೇಪರ್, ವೈರಿಗೆ ಸುತ್ತುವ ಟೇಪು, ಒಣ ಬಟ್ಟೆ.

ಮಾಡುವ ವಿಧಾನ

ಮೊದಲು ಕೀಲಿ ತೆಗೆದು ಕೈಯಲ್ಲಿಟ್ಟುಕೊಳ್ಳಿ. ದೀಪ ಉರಿಯುತ್ತಿದ್ದರೆ ಆರಿಸಿ, ತಣ್ಣಗಾಗಲು ಬಿಡಿ. ಇಂಡಿಕೇಟರಿನ ಮೇಲಿನ ಬಣ್ಣದ ಮುಚ್ಚಳದ ಸ್ಕ್ರೂ ಬಿಚ್ಚಿ. ಬಲ್ಬನ್ನು ಮೆಲ್ಲಗೆ ಒಳಗೆ ಒತ್ತಿ ಎಡಕ್ಕೆ ತಿರುಗಿಸಿದರೆ ಹೊರಗೆ ಬರುತ್ತದೆ. ಕೆಲವು ಗಾಡಿಗಳಲ್ಲಿ ತಿರುಗಿಸುವುದಿಲ್ಲ, ನೇರ ಎಳೆಯುವುದು.

ಬಲ್ಬು ಕೂರುವ ತೂತಿನಲ್ಲಿ ಇಣುಕಿ ನೋಡಿ. ಹಸಿರು ಕಿಲುಬು, ತುಕ್ಕು ಕಂಡರೆ ಪಾಲಿಶ್ ಪೇಪರಿನಿಂದ ಹಗುರಾಗಿ ತಿಕ್ಕಿ ಒರೆಸಿ. ಎಷ್ಟೋ ಸಲ ಬಲ್ಬು ಚೆನ್ನಾಗಿಯೇ ಇರುತ್ತದೆ, ಈ ಕಿಲುಬಿನಿಂದಲೇ ಹತ್ತುವುದಿಲ್ಲ.

ಹೊಸ ಬಲ್ಬು ಹಾಕಿ ಪರೀಕ್ಷಿಸಿ. ಹತ್ತದಿದ್ದರೆ ಗಾಬರಿ ಬೇಡ. ಎಲ್‌ಇಡಿಗೆ ಕೂಡು-ಕಳೆ ಎಂಬ ದಿಕ್ಕಿದೆ. ಹಳೇ ಬಲ್ಬಿಗೆ ಹೇಗೆ ಹಾಕಿದರೂ ನಡೆಯುತ್ತಿತ್ತು. ನೇರ ಎಳೆಯುವ ಜಾತಿಯ ಬಲ್ಬಾದರೆ ತೆಗೆದು, ಹಿಂದುಮುಂದಾಗಿ ತಿರುಗಿಸಿ ಹಾಕಿದರೆ ಹತ್ತುತ್ತದೆ.

ಫ್ಲ್ಯಾಶರ್ ಎಲ್ಲಿದೆ ಎಂದು ತಿಳಿಯದಿದ್ದರೆ ಇಂಡಿಕೇಟರ್ ಹಾಕಿ, ಟಿಕ್-ಟಿಕ್ ಸದ್ದು ಎಲ್ಲಿಂದ ಬರುತ್ತದೆ ಎಂದು ಕಿವಿ ಹಚ್ಚಿ ಕೇಳಿ. ಎರಡು ಅಥವಾ ಮೂರು ವೈರು ಚುಚ್ಚಿದ ಪುಟ್ಟ ಡಬ್ಬಿ ಅದು. ಕೀಲಿ ತೆಗೆದು, ಯಾವ ವೈರು ಯಾವ ಕಾಲಿಗೆ ಇತ್ತೆಂದು ಗುರುತು ಮಾಡಿಕೊಂಡು ಹೊಸದನ್ನು ಚುಚ್ಚಿ. ಮೂರು ಕಾಲಿನದಾದರೆ ಬಿ ಎಂದರೆ ಬ್ಯಾಟರಿ, ಎಲ್ ಎಂದರೆ ದೀಪದ ಕಡೆ, ಇ ಎಂದರೆ ಅರ್ತ್. ಯಾವುದೇ ವೈರನ್ನು ಕತ್ತರಿಸುವ ಕೆಲಸ ಬಂದರೆ ಅಲ್ಲಿಗೇ ನಿಲ್ಲಿಸಿ ತಿಳಿದವರನ್ನು ಕರೆಯಿರಿ. ಹೊಸ ಗಾಡಿಯ ವೈರು ಕತ್ತರಿಸಿದರೆ ಕಂಪನಿಯ ಗ್ಯಾರಂಟಿಯೂ ಹೋಗಬಹುದು.

ಇನ್ನೊಂದು ತಮಾಷೆ ಕೇಳಿ. ನಮ್ಮದರಲ್ಲಿ ಫ್ಲ್ಯಾಶರ್ ಬದಲಿಸಿದ ಮೇಲೆ ಎಡಕ್ಕೆ ಹಾಕಿದರೂ ಬಲಕ್ಕೆ ಹಾಕಿದರೂ ನಾಲ್ಕೂ ದೀಪ ಮಿಣುಕತೊಡಗಿದವು! ಹಳೇ ಗಾಡಿಗಳಲ್ಲಿ ಕನ್ನಡಿಯ ನಡುವೆ, ಮೀಟರಿನ ಹತ್ತಿರ ಎರಡೂ ಬದಿಗೂ ಸೇರಿ ಒಂದೇ ಸಣ್ಣ ಸೂಚಕ ಬಲ್ಬು ಇರುತ್ತದೆ. ಅದರ ಮೂಲಕ ಕರೆಂಟು ಒಂದು ಬದಿಯಿಂದ ಇನ್ನೊಂದು ಬದಿಗೆ ಸೋರುತ್ತದೆ. ಹಳೇ ಬಲ್ಬಿಗೆ ಆ ಸೋರಿಕೆ ಲೆಕ್ಕಕ್ಕೆ ಬರುವುದಿಲ್ಲ, ಎಲ್‌ಇಡಿಗೆ ಅಷ್ಟೇ ಸಾಕು. ವೈರಿಂಗ್ ಹುಡುಗ ಎರಡು ಡಯೋಡ್ ಹಾಕಿ, ಕರೆಂಟು ಒಂದೇ ದಿಕ್ಕಿಗೆ ಹೋಗುವಂತೆ ಮಾಡಿ ಸರಿಪಡಿಸಿದ. ನಿಮ್ಮಲ್ಲೂ ಹೀಗಾದರೆ ಬಲ್ಬು ಕೆಟ್ಟದ್ದೆಂದು ಅಂಗಡಿಗೆ ಓಡಬೇಡಿ.

ಕೆಲವು ಹೊಸ ಫ್ಲ್ಯಾಶರ್‌ಗಳು ಸದ್ದೇ ಮಾಡುವುದಿಲ್ಲ. ತಿರುಗಿದ ಮೇಲೆ ಆರಿಸಲು ಮರೆತುಹೋಗುತ್ತದೆ. ನಾನೇ ಒಮ್ಮೆ ಊರಿನ ತನಕ ಎಡಗಡೆಯ ದೀಪ ಮಿಣುಕಿಸುತ್ತ ಬಂದೆ. ಅಂಗಡಿಯಲ್ಲಿ ಸದ್ದು ಮಾಡುವ ಫ್ಲ್ಯಾಶರ್ ಸಿಗುತ್ತದೆ, ಅದನ್ನೇ ಕೇಳಿ ತೆಗೆದುಕೊಳ್ಳಿ.

ಬಣ್ಣದಲ್ಲಿ ಚೌಕಾಸಿ ಬೇಡ

ಸೀರೆಗೆ ಕುಪ್ಪಸ ಹೊಂದಿಸುವಾಗ ಎಷ್ಟು ನೋಡುತ್ತೇವೆ! ದೀಪದಲ್ಲೂ ಹಾಗೆಯೇ. ಇಂಡಿಕೇಟರ್ ಕೇಸರಿ-ಹಳದಿಯೇ ಇರಬೇಕು, ಅದು ನಿಯಮ. ಹಿಂದಿನ ದೀಪ, ಬ್ರೇಕಿನ ದೀಪ ಕೆಂಪು. ಈಗಿನ ಹುಡುಗರು ನೀಲಿ, ಹಸಿರು, ಬಣ್ಣ ಬದಲಾಯಿಸುವ ದೀಪ ಎಂದು ಜಾತ್ರೆಯ ಮಂಟಪದಂತೆ ಗಾಡಿ ಸಿಂಗರಿಸುತ್ತಾರೆ. ಹಿಂದಿನವನಿಗೆ ಅದು ಏನೆಂದು ತಿಳಿಯಬೇಕು?

ಮತ್ತೊಂದು ಗುಟ್ಟು: ಕೆಂಪು ಮುಚ್ಚಳದ ಒಳಗೆ ಬಿಳಿ ಎಲ್‌ಇಡಿ ಹಾಕಿದರೆ ಬೆಳಕು ಮಂಕಾಗಿ, ಗುಲಾಬಿಯಂತೆ ಕಾಣುತ್ತದೆ. ಬಿಳಿ ಎಲ್‌ಇಡಿಯಲ್ಲಿ ನೀಲಿಯ ಅಂಶ ಹೆಚ್ಚು, ಕೆಂಪಿನದು ಕಡಿಮೆ. ಮುಚ್ಚಳ ಬಿಡುವುದು ಕೆಂಪನ್ನು ಮಾತ್ರ. ಆದ್ದರಿಂದ ಕೆಂಪು ಮುಚ್ಚಳಕ್ಕೆ ಕೆಂಪು ಬಲ್ಬು, ಹಳದಿ ಮುಚ್ಚಳಕ್ಕೆ ಹಳದಿ ಬಲ್ಬು. ಮುಚ್ಚಳ ಬಿಳಿಯ ಗಾಜಿನದಾದರೆ ಬಲ್ಬು ಹಳದಿಯದೇ ಆಗಬೇಕು.

ಹಿಂದಿನ ಬಲ್ಬಿನಲ್ಲಿ ಎರಡು ಕೆಲಸ ಇರುತ್ತವೆ: ಸಾದಾ ಹೊತ್ತಿನಲ್ಲಿ ಮಂದ, ಬ್ರೇಕು ಒತ್ತಿದಾಗ ಪ್ರಖರ. ಎಲ್‌ಇಡಿ ಹಾಕಿದ ಮೇಲೆ ಈ ಎರಡರ ನಡುವಿನ ವ್ಯತ್ಯಾಸ ಎದ್ದು ಕಾಣಬೇಕು. ಎರಡೂ ಒಂದೇ ತರಹ ಕಂಡರೆ ಆ ಬಲ್ಬು ಬೇಡ, ಹಳೇ ಬಲ್ಬೇ ವಾಸಿ.

ನಾವು ಮಾಡಿದ ತಪ್ಪು

ಇಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ಆಯಿತು. ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಲೇಬೇಕು.

ಇಂಡಿಕೇಟರ್ ಸರಿಹೋದ ಹುರುಪಿನಲ್ಲಿ ಮಗ ಅವರಪ್ಪನ ಮೋಟರ್ ಸೈಕಲ್ಲಿನ ಮುಂದಿನ ದೀಪಕ್ಕೂ ಎಲ್‌ಇಡಿ ಹಾಕಿದ. ಹಾಲಿನಂಥ ಬೆಳಕು! ರಾತ್ರಿ ತೋಟಕ್ಕೆ ನೀರು ಬಿಡಲು ಹೋಗುವ ಮನೆಯವರು “ಹಗಲಿನಂಗ ಕಾಣಸ್ತದ” ಎಂದು ಹಿಗ್ಗಿದರು. ನಾನೂ ಹಿಗ್ಗಿದೆ. ಎದುರಿಗೆ ಬರುವವರಿಗೆ ಹೇಗೆ ಕಾಣುತ್ತದೆ ಎಂದು ನಾವು ಯಾರೂ ಯೋಚಿಸಲಿಲ್ಲ.

ನಾಲ್ಕನೇ ದಿನ ರಾತ್ರಿ, ನಮ್ಮ ಓಣಿಯ ಮುತ್ತ್ಯಾ ಒಬ್ಬರು ಮೇವಿನ ಹೊರೆ ಕಟ್ಟಿಕೊಂಡು ಸೈಕಲ್ಲಿನಲ್ಲಿ ಎದುರು ಬರುತ್ತಿದ್ದರು. ನಮ್ಮ ಗಾಡಿಯ ಬೆಳಕು ಕಣ್ಣಿಗೆ ಬಡಿದು ದಾರಿ ಕಾಣದೆ ಹೊರೆಯ ಸಮೇತ ಬದಿಯ ತಗ್ಗಿಗೆ ಹೋದರು. ಮನೆಯವರೇ ಎತ್ತಿ ಮನೆಗೆ ಕರೆತಂದರು. ಪುಣ್ಯಕ್ಕೆ ಎಲುಬು ಮುರಿಯಲಿಲ್ಲ, ಕಾಲು ಉಳುಕಿತ್ತು. ನಾನು ಬಿಸಿನೀರಿನ ಕಾವು ಕೊಡುತ್ತಿದ್ದರೆ ಮುತ್ತ್ಯಾ ನಗುತ್ತಲೇ ಹೇಳಿದರು: “ನಿಮ್ಮ ಗಾಡಿ ದೀಪಾ ಭಾಳ ಚಲೋ ಅದ ಯವ್ವಾ. ನನಗ ಅದೊಂದಽ ಕಾಣ್ತು, ಮತ್ತೇನೂ ಕಾಣಲಿಲ್ಲ.”

ಕೆಲವೇ ತಿಂಗಳ ಹಿಂದೆ ನಾನು ಅದೇ ರಸ್ತೆಯಲ್ಲಿ ಬಿದ್ದದ್ದು ದೀಪ ಇಲ್ಲದ್ದಕ್ಕೆ. ಮುತ್ತ್ಯಾ ಬಿದ್ದದ್ದು ನಮ್ಮ ದೀಪ ಹೆಚ್ಚಾದದ್ದಕ್ಕೆ. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಮುಂದಿನ ದೀಪದ ಒಳಗೆ ಹೊಳೆಯುವ ಬಟ್ಟಲೊಂದು ಇರುತ್ತದೆ. ಹಳೇ ಬಲ್ಬಿನ ತಂತಿ ಸರಿಯಾಗಿ ಎಲ್ಲಿ ಇರುತ್ತದೋ ಆ ಜಾಗವನ್ನು ಲೆಕ್ಕ ಹಾಕಿಯೇ ಆ ಬಟ್ಟಲನ್ನು ರೂಪಿಸಿರುತ್ತಾರೆ. ಆಗ ಬೆಳಕು ರಸ್ತೆಯ ಮೇಲೆ ಬೀಳುತ್ತದೆ, ಎದುರಿನವರ ಕಣ್ಣಿಗಲ್ಲ. ಎಲ್‌ಇಡಿಯ ಹರಳು ಕೂರುವ ಜಾಗ, ಬೆಳಕು ಬೀರುವ ದಿಕ್ಕು ಬೇರೆ. ಬೆಳಕು ಚೆಲ್ಲಾಪಿಲ್ಲಿಯಾಗಿ ಮೇಲಕ್ಕೂ ಪಕ್ಕಕ್ಕೂ ಹಾರುತ್ತದೆ. ಕಣ್ಣಿನ ಪೊರೆ ಬಂದ ವಯಸ್ಸಾದವರಿಗಂತೂ ಇದು ಇನ್ನಷ್ಟು ಕುಕ್ಕುತ್ತದೆ. ಕಂಪನಿಯಿಂದಲೇ ಎಲ್‌ಇಡಿ ಹಾಕಿ ಬರುವ ಹೊಸ ಗಾಡಿಗಳ ಮಾತು ಬೇರೆ. ಅಲ್ಲಿ ಬಟ್ಟಲು, ಗಾಜು ಎಲ್ಲ ಎಲ್‌ಇಡಿಗೆಂದೇ ಮಾಡಿದ್ದು, ಪರೀಕ್ಷೆಯಾಗಿ ಬಂದದ್ದು.

ಕಾನೂನೂ ಇದಕ್ಕೆ ವಿರುದ್ಧವೇ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಗಾಡಿಯನ್ನು ತಯಾರಕರು ಮಾಡಿಕೊಟ್ಟ ಲಕ್ಷಣಕ್ಕೆ ಹೊರತಾಗಿ ಬದಲಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಇಂಥ ಪ್ರತಿಯೊಂದು ಬದಲಾವಣೆಗೆ ಮಾಲೀಕರಿಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ ಆಗಬಹುದು. ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ಕೇಸು ಹಾಕಲು 2024ರ ಜುಲೈಯಿಂದ ನಮ್ಮ ರಾಜ್ಯದ ಪೊಲೀಸರೂ ಮುಂದಾದರು. ಆದ್ದರಿಂದ ಇಂಡಿಕೇಟರ್ ಬದಲಿಸುವ ಮೊದಲೂ ನಿಮ್ಮ ಗಾಡಿಯ ಸರ್ವಿಸ್ ಮಾಡುವವರನ್ನು ಒಂದು ಮಾತು ಕೇಳಿ. ಅವರು ಬೇಡವೆಂದರೆ ಹಳೇ ತರಹದ ಹೊಸ ಬಲ್ಬನ್ನೇ ಹಾಕಿಸಿ. ಹತ್ತುವ ಹಳೇ ಬಲ್ಬು, ತಪ್ಪಾಗಿ ಹಾಕಿದ ಎಲ್‌ಇಡಿಗಿಂತ ಸಾವಿರ ಪಾಲು ಮೇಲು.

ಮರುದಿನವೇ ಮುಂದಿನ ದೀಪದ ಎಲ್‌ಇಡಿ ತೆಗೆಸಿ ಮೊದಲಿನ ಬಲ್ಬು ಹಾಕಿಸಿದೆವು. ಮಗ ತಾನಾಗಿಯೇ ಹೋಗಿ ಮುತ್ತ್ಯಾನ ದನಕ್ಕೆ ಒಂದು ವಾರ ಮೇವು ಹಾಕಿ ಬಂದ.

ಕಬ್ಬಿನ ಟ್ರೇಲರ್ ಇರುವ ಮನೆಯವರು ದಯವಿಟ್ಟು ಓದಿ

ಸ್ಕೂಟರಿಗಿಂತ ದೊಡ್ಡ ಅಪಾಯ ನಮ್ಮ ಭಾಗದಲ್ಲಿ ಟ್ರ್ಯಾಕ್ಟರಿನ ಹಿಂದಿನ ಡಬ್ಬಿಗಳದ್ದು. ಕಾರ್ಖಾನೆ ಶುರುವಾದರೆ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ರಸ್ತೆಗಳಲ್ಲಿ ರಾತ್ರಿಯೆಲ್ಲ ಕಬ್ಬಿನ ಗಾಡಿಗಳ ಸಾಲು. ಒಂದು ಟ್ರ್ಯಾಕ್ಟರಿಗೆ ಎರಡೆರಡು ಡಬ್ಬಿ. ಹಿಂದೆ ದೀಪವಿಲ್ಲ, ಇದ್ದರೂ ಜೋತುಬಿದ್ದ ರವದಿ ಅದನ್ನು ಮುಚ್ಚಿರುತ್ತದೆ. ಕತ್ತಲಲ್ಲಿ ಮೋಟರ್ ಸೈಕಲ್ಲಿನವನಿಗೆ ಅದು ಗೋಡೆಯಂತೆ ಹತ್ತಿರ ಬಂದ ಮೇಲೆಯೇ ಕಾಣುವುದು. ಹೀಗೆ ಹಿಂದಿನಿಂದ ಹೋಗಿ ಬಡಿದು ಮನೆಯ ದುಡಿಯುವ ಮಗನನ್ನು ಕಳೆದುಕೊಂಡ ತಾಯಂದಿರು ನಮ್ಮ ಕಡೆ ಒಬ್ಬಿಬ್ಬರಲ್ಲ.

ಎಲ್‌ಇಡಿ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ. ಡಬ್ಬಿಯ ಕುಲುಕಾಟಕ್ಕೆ ತಂತಿಯ ಬಲ್ಬು ವಾರ ನಿಲ್ಲುವುದಿಲ್ಲ. ಇಡೀ ದೀಪವೇ ಎಲ್‌ಇಡಿಯದಾಗಿ, ನೀರು ಹೋಗದಂತೆ ಮುಚ್ಚಿದ್ದು ಈಗ ಸಿಗುತ್ತದೆ. ಕೆಂಪು, ಬ್ರೇಕು, ಹಳದಿ ಇಂಡಿಕೇಟರ್ ಮೂರೂ ಒಂದರಲ್ಲೇ ಇರುತ್ತವೆ. ನಾವು ಮಾಡಿದ್ದನ್ನು ಹೇಳುತ್ತೇನೆ.

ಒಂದು ಹಲಗೆಗೆ ಎರಡೂ ಬದಿಯ ದೀಪ ಬಿಗಿಸಿ, ಕೊಂಡಿ ಹಾಕಿಸಿದೆವು. ಕಬ್ಬು ಹೇರಿ ಮುಗಿದ ಮೇಲೆ ಆ ಹಲಗೆಯನ್ನು ಎಲ್ಲದಕ್ಕಿಂತ ಹಿಂದೆ, ರವದಿಯ ಹೊರಗೆ ತೂಗುಹಾಕುವುದು. ಕಬ್ಬು ಇಳಿಸುವಾಗ ತೆಗೆದಿಡುವುದು. ಹೀಗೆ ದೀಪ ಮುಚ್ಚುವುದೂ ಇಲ್ಲ, ಒಡೆಯುವುದೂ ಇಲ್ಲ.

ವೈರನ್ನು ಪೈಪಿನೊಳಗೆ ಹಾಯಿಸಿ. ಅರ್ತಿಗೆ ಪ್ರತ್ಯೇಕ ವೈರು ಬಿಡಿ. ಟ್ರ್ಯಾಕ್ಟರಿಗೂ ಡಬ್ಬಿಗೂ ನಡುವಿನ ಕೊಂಡಿಯ ಕಬ್ಬಿಣದ ಮೂಲಕವೇ ಅರ್ತ್ ಬರಲಿ ಎಂದು ಬಿಟ್ಟರೆ ಮಣ್ಣು, ತುಕ್ಕು, ಗ್ರೀಸಿನಿಂದ ದೀಪ ಒಮ್ಮೆ ಹತ್ತಿ ಒಮ್ಮೆ ಆರುತ್ತದೆ. ನಮ್ಮದು ಹೀಗೇ ಆಗಿ, ಬಲ್ಬು ಕೆಟ್ಟಿತೆಂದು ಎರಡು ಸಲ ಬದಲಿಸಿ ದುಡ್ಡು ದಂಡ ಮಾಡಿಕೊಂಡಿದ್ದೆವು.

ದೀಪದ ಜೊತೆ ಹೊಳೆಯುವ ಪಟ್ಟಿಯನ್ನೂ ಅಂಟಿಸಿ: ಹಿಂದೆ ಕೆಂಪು, ಪಕ್ಕಕ್ಕೆ ಹಳದಿ, ಮುಂದೆ ಬಿಳಿ. ಅದಕ್ಕೆ ಬ್ಯಾಟರಿ ಬೇಡ, ವೈರು ಬೇಡ. ದೀಪ ಕೈಕೊಟ್ಟ ದಿನ ಅದೇ ಕಾಯುತ್ತದೆ. ಆದರೆ ಧೂಳು ಕೂತರೆ ಹೊಳೆಯುವುದಿಲ್ಲ. ಅಂಗಳ ಸಾರಿಸುವ ದಿನ ಒಂದು ಒದ್ದೆ ಬಟ್ಟೆಯಿಂದ ಅದನ್ನೂ ಒರೆಸಿಬಿಡಿ.

ಹತ್ತು ಎಣಿಸುವಷ್ಟರ ಕೆಲಸ

‘ಇದೆಲ್ಲ ಗಂಡಸರ ಕೆಲಸ’ ಎಂದು ನೀವು ಅನ್ನಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಗಾಡಿ ಓಡಿಸುವವನಿಗೆ ತನ್ನ ಹಿಂದಿನ ದೀಪ ಎಂದೂ ಕಾಣುವುದಿಲ್ಲ. ಅದು ಕಾಣುವುದು ಬಾಗಿಲಲ್ಲಿ ನಿಂತು ಕಳಿಸಿಕೊಡುವವರಿಗೆ, ಅಂದರೆ ನಮಗೇ.

ಈಗ ನಮ್ಮ ಮನೆಯಲ್ಲಿ ಒಂದು ರೂಢಿ ಮಾಡಿಕೊಂಡಿದ್ದೇವೆ. ಸಂಜೆಯ ಮೇಲೆ ಯಾರೇ ಗಾಡಿ ತೆಗೆಯಲಿ, ಹೊಸ್ತಿಲ ಹೊರಗೆ ನಿಂತು ನಾನು ಹೇಳುತ್ತೇನೆ: “ಎಡಾ ಹಾಕು... ಬಲಾ ಹಾಕು... ಬ್ರೇಕ್ ಒತ್ತು.” ಹತ್ತು ಎಣಿಸುವಷ್ಟರಲ್ಲಿ ಮುಗಿಯುತ್ತದೆ. ಎಲ್ಲ ಹತ್ತಿದರೆ “ಹೋಗಿ ಬಾ” ಎನ್ನುತ್ತೇನೆ. ಒಂದು ಹತ್ತದಿದ್ದರೂ ಗಾಡಿ ಅಂಗಳ ಬಿಡುವಂತಿಲ್ಲ. ಮೊದಮೊದಲು ಮಗ ಗೊಣಗುತ್ತಿದ್ದ, ಮನೆಯವರು “ಆರ್‌ಟಿಓ ಸಾಹೇಬ್ರು ಬಂದ್ರು” ಎಂದು ನಗುತ್ತಿದ್ದರು. ಹೋದ ತಿಂಗಳು ಅವರ ಮೋಟರ್ ಸೈಕಲ್ಲಿನ ಬ್ರೇಕಿನ ದೀಪ ಹತ್ತದಿದ್ದಾಗ ನಾನು ತಡೆದೆ. ಅವರು ನಗಲಿಲ್ಲ. ಸುಮ್ಮನೆ ಕೀಲಿ ತೆಗೆದಿಟ್ಟು, ತಮ್ಮನ ಗಾಡಿ ಕೇಳಿಕೊಂಡು ಹೋದರು.

ಇವತ್ತು ಸಂಜೆ ದೇವರ ದೀಪ ಹಚ್ಚಿದ ಮೇಲೆ ನೀವೂ ಒಮ್ಮೆ ಅಂಗಳಕ್ಕೆ ಹೋಗಿ ನಿಮ್ಮ ಮನೆಯ ಗಾಡಿಯ ಹಿಂದೆ ನಿಂತು ನೋಡಿ. ನನ್ನಂತೆ ಬದನೆಕಾಯಿ ಆರಿಸುತ್ತ ರಸ್ತೆಯಲ್ಲಿ ಕೂರುವ ಗತಿ ನಿಮಗೆ ಬಾರದಿರಲಿ.